ಬಲಗಡೆ ಕೆಳಮೂಲೆಯ ಚೌಕ

ನಾಲ್ಕು ಜನ ಮಾಡಿದ್ದನ್ನು ನಾನು ಮಾಡುವವನಲ್ಲ. ಹೋಟೆಲಿನಲ್ಲಿ ಎಲ್ಲರೂ ದೋಸೆ ಹೇಳಿದರೆ ನಾನು ಅವಲಕ್ಕಿ ಹೇಳಿ, ಆಮೇಲೆ ಪಕ್ಕದವರ ದೋಸೆಯನ್ನೇ ನೋಡುತ್ತಾ ಕೂರುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಇದುವರೆಗೆ ಇದರಿಂದ ನಷ್ಟವಾದದ್ದು ನನಗೊಬ್ಬನಿಗೇ. ಈ ಸಲ ಮಾತ್ರ ಹೆಂಡತಿಯ ಕಸುಬಿಗೇ ಸಂಚಕಾರ ತಂದುಬಿಟ್ಟೆ.

ನನ್ನ ಹೆಂಡತಿ ಶಾರದೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ರವಿಕೆ ಹೊಲಿಯುವ ಪುಟ್ಟ ಅಂಗಡಿ ಇಟ್ಟಿದ್ದಳು. ಕಟ್ಟಡ ಕೆಡವುತ್ತೇವೆಂದು ಮಾಲೀಕರು ಹೇಳಿದ್ದರಿಂದ ಹೊಲಿಗೆ ಯಂತ್ರ ನಮ್ಮ ಮನೆಯ ಮಹಡಿಗೆ ಬಂತು. ಯಂತ್ರವೇನೋ ಬಂತು, ಗಿರಾಕಿಗಳು ಬರಬೇಕಲ್ಲ? ಗೌರಿ ಹಬ್ಬ ಬೇರೆ ಹತ್ತಿರವಿತ್ತು. ವರ್ಷದ ಅರ್ಧ ಕೆಲಸ ಅವಳಿಗೆ ಆಗಲೇ. "ನಾನು ವೆಬ್‌ಸೈಟ್ ಮಾಡ್ಕೊಡ್ತೀನಿ ಆಂಟಿ" ಎಂದಳು ಬೆನ್ಸನ್ ಟೌನಿನ ಆಯಿಷಾ. ಇಂದಿರಾನಗರದ ಆಫೀಸೊಂದರಲ್ಲಿ ಅವಳಿಗೆ ಅದೇ ಕೆಲಸ. ಅವಳ ಮದುವೆಯ ಬಟ್ಟೆ ಹೊಲಿದವಳು ಶಾರದೆ.

ಆಯಿಷಾ ಹಾಳೆಯ ಮೇಲೆ ಚೌಕಗಳನ್ನು ಗೀಚಿದಳು. "ಮೇಲೆ ಎಡಗಡೆ ಅಂಗಡಿ ಹೆಸರು, ಬಲಗಡೆ ಫೋನ್ ನಂಬರು, ಮಧ್ಯೆ ದೊಡ್ಡ ಫೋಟೋ, ಅದರ ಕೆಳಗೆ ಏನೇನು ಹೊಲಿತೀರ ಅಂತ. ಎಲ್ರೂ ಹೀಗೇ ಮಾಡೋದು ಅಂಕಲ್."

'ಎಲ್ರೂ' ಎಂದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಯಂತ್ರಗಳ ನಕ್ಷೆ ಬರೆದವನು ನಾನು. "ವಿನ್ಯಾಸ ನನಗೆ ಬಿಡಮ್ಮ" ಎಂದೆ. ನಮ್ಮ ನಕ್ಷೆಗಳಲ್ಲಿ ಹೆಸರು, ನಂಬರು, ಬರೆದವರ ಸಹಿ, ಎಲ್ಲವೂ ಬಲಗಡೆ ಕೆಳಮೂಲೆಯ ಚೌಕದಲ್ಲಿರುತ್ತಿದ್ದವು. ಹಾಳೆ ಮಡಚಿದಾಗ ಆ ಮೂಲೆಯೇ ಮೇಲೆ ಕಾಣಬೇಕು. ಇಲ್ಲೂ ಹಾಗೇ ಮಾಡಿಸಿದೆ. ಉದ್ದಕ್ಕೂ ರವಿಕೆಗಳ ಫೋಟೋ; ಹೆಸರು, ವಿಳಾಸ, ಫೋನು ಮಾತ್ರ ಕಟ್ಟಕಡೆಯ ಮೂಲೆಯಲ್ಲಿ. ಹಿರಿಯರ ಮಾತೆಂದು ಆಯಿಷಾ ಹಾಗೇ ಮಾಡಿಕೊಟ್ಟಳು. ಮೊಬೈಲನ್ನು ಯಾರೂ ನಕ್ಷೆಯಂತೆ ಮಡಚಿಡುವುದಿಲ್ಲವೆಂದು ನನಗೆ ಹೊಳೆಯಲೇ ಇಲ್ಲ. ಹಳೆಯ ಅಂಗಡಿಯ ಬಾಗಿಲಿಗೆ ಚೀಟಿಯನ್ನೂ ನಾನೇ ಅಂಟಿಸಿ ಬಂದೆ. ಅದರಲ್ಲಿ ವೆಬ್‌ಸೈಟ್ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

ಹತ್ತು ದಿನ ಕಳೆದರೂ ಒಂದು ಫೋನೂ ಇಲ್ಲ. ಕೆಲಸವಿಲ್ಲದ ಯಂತ್ರಕ್ಕೆ ಶಾರದೆ ದಿನವೂ ಎಣ್ಣೆ ಬಿಡುತ್ತಿದ್ದಳು. ಹನ್ನೊಂದನೆಯ ದಿನ ಅವಳ ಹಳೆಯ ಗಿರಾಕಿ ಲೀಲಮ್ಮ, ತರಕಾರಿಯವನ ಹತ್ತಿರ ಮನೆ ಕೇಳಿಕೊಂಡು ಬೆವರುತ್ತಾ ಬಂದರು.

"ಏನೇ ಶಾರದಾ, ರವಿಕೆ ಫೋಟೋ ಬರ್ತಾನೇ ಇದೆ, ಬರ್ತಾನೇ ಇದೆ, ನಿನ್ನ ಹೆಸರೇ ಇಲ್ಲ! ತಳ್ಳೀ ತಳ್ಳೀ ಹೆಬ್ಬೆರಳು ನೋವು ಬಂತು ಕಣೇ. ಬೇರೆ ಯಾರ್ದೋ ಅಂಗಡಿ ಅಂತ ಎಲ್ರೂ ಬಿಟ್ಬಿಟ್ಟಿದಾರೆ."

ಶಾರದೆ ನನ್ನತ್ತ ತಿರುಗಿದಳು. ಬೈಯಲಿಲ್ಲ. "ರೀ, ನಿಮ್ಮ ಕನ್ನಡಕ ದಿನಾ ಟಿವಿ ಪಕ್ಕದಲ್ಲೇ ಯಾಕಿಡ್ತೀರ?"

"ಹುಡುಕೋ ಹಾಗಾಗ್ಬಾರ್ದು ಅಂತ" ಎಂದವನು ನಾಲಿಗೆ ಕಚ್ಚಿಕೊಂಡೆ.

ಅಂದು ಸಂಜೆಯೇ ಆಯಿಷಾ ಎಲ್ಲವನ್ನೂ 'ಎಲ್ರೂ ಮಾಡೋ ಹಾಗೆ' ಮಾಡಿದಳು. ಮರುದಿನದಿಂದ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು, ಮಹಡಿಯಲ್ಲಿ ಯಂತ್ರದ ಸದ್ದು. ನನಗೆ ಜೀವ ಬಂತು. ಜೀವ ಬಂದೊಡನೆ ಆಸೆಯೂ ಬಂತು. "ಇಷ್ಟೆಲ್ಲ ಓಡಾಡಿದೀನಿ, ನನ್ನ ಹೆಸರೂ ಎಲ್ಲಾದ್ರೂ ಇರಲಿ ಕಣೇ" ಎಂದೆ.

ಶಾರದೆ ಸೂಜಿಗೆ ದಾರ ಪೋಣಿಸುತ್ತಾ ತಲೆಯೆತ್ತದೆ ಹೇಳಿದಳು: "ಧಾರಾಳವಾಗಿ ಹಾಕ್ಸಿಕೊಳ್ಳಿ. ಆ ಬಲಗಡೆ ಕೆಳಮೂಲೇಲೇ ಹಾಕ್ಸಿಕೊಳ್ಳಿ. ಅಲ್ಲೀ ತನಕ ಯಾರೂ ಬರಲ್ಲ."