ಆಟದ ಮೇಡಂ ಮತ್ತು ನನ್ನ ಬಾಯಿ

ಸಿಟ್ಟು ಬಂದಾಗ ದೇವರು ಮಾಡಿದ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಹಾಲು ಉಕ್ಕಿತು, ಆದರೆ ಅರ್ಧ ಉಳಿಯಿತು. ನಲ್ಲಿ ಬರಲಿಲ್ಲ, ಆದರೆ ಕೊಡದಲ್ಲಿ ನಿನ್ನೆಯ ನೀರಿದೆ. ಅತ್ತೆಯವರು ಗೊಣಗುತ್ತಿದ್ದಾರೆ, ಅಂದರೆ ಆರೋಗ್ಯವಾಗಿದ್ದಾರೆ. ಐದನೆಯ ಬೆರಳಿಗೆ ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಆದರೆ ಯಾದಗಿರಿಯ ಆಟದ ಮೇಡಂ ನನಗೆ ಹೇಳಿದ ಮಾತಿಗೆ ಎರಡು ಕೈಯ ಬೆರಳೂ ಸಾಲಲಿಲ್ಲ.

ನನ್ನ ಮಗಳು ಗಂಗಾಳಿಗೆ ಮೂರೂವರೆ ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ನಗುತ್ತಾಳೆ, ಓಡುತ್ತಾಳೆ, ಬೇಕಾದದ್ದಕ್ಕೆ ಬೆರಳು ತೋರಿಸುತ್ತಾಳೆ. ಬಾಯಿಂದ ಮಾತ್ರ ಒಂದು ‘ಅವ್ವಾ’ ಇಲ್ಲ. ಸುರಪುರದ ನಮ್ಮ ಓಣಿಯಲ್ಲಿ ಅವಳಿಗಿಂತ ಸಣ್ಣ ಕೂಸೊಂದು ಕಟ್ಟೆಯ ಮೇಲೆ ನಿಂತು “ಅವ್ವಾ” ಎಂದು ಕೂಗಿದರೆ ನಾನು ಅಡುಗೆಮನೆಯಿಂದಲೇ “ಓ” ಎಂದುಬಿಡುತ್ತಿದ್ದೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಒಗ್ಗರಣೆಯ ಘಾಟು ಎನ್ನುತ್ತಿದ್ದೆ.

ಡಾಕ್ಟರು ಪರೀಕ್ಷೆ ಮಾಡಿಸಿ ಕಿವಿ ಸರಿಯಿದೆ ಎಂದರು. ಒಂದು ಬೆರಳು ಮಡಚಿದೆ. ಯಾದಗಿರಿಯಲ್ಲಿ ಆಟ ಆಡಿಸುತ್ತಲೇ ಮಾತಿಗೆ ದಾರಿ ಮಾಡುವ ಒಬ್ಬ ಮೇಡಂ ಇದ್ದಾರೆ, ವಾರಕ್ಕೊಮ್ಮೆ ಹೋಗಿ ಬನ್ನಿ ಎಂದರು. “ಆಡಾಕ ಯಾದಗಿರಿತನ ಹೋಗಬೇಕೇನು? ನಮ್ಮ ಅಂಗಳದಾಗ ಮಣ್ಣಿಲ್ಲೇನು?” ಎಂದರು ಅತ್ತೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದ, “ಅಲ್ಲೀ ಮಣ್ಣು ಬ್ಯಾರೆ ಇರಬೇಕು ಬಿಡವ್ವ,” ಎಂದರು.

ಹಾಗೆ ಪ್ರತಿ ಗುರುವಾರ ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಬಸ್ಸು ನಮ್ಮ ಪಾಲಿಗೆ ಬಂತು. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಶಹಾಪುರದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ತಿರುಗಿ ಬರುವ ಬಸ್ಸು ಯಾವಾಗ, ಹೋದ ವಾರದ ಡ್ರೈವರಿಗೆ ಏನಾಯಿತು ಎಂದು ಕೇಳುತ್ತಲೇ ಇದ್ದೆ. ಒಮ್ಮೆ ಕಂಡಕ್ಟರ್ ಸೀಟಿಯನ್ನು ಬಾಯಿಂದ ತೆಗೆದು, “ಯಕ್ಕಾ, ಸುಮ್ಕ ಕುಂಡ್ರು! ಬಸ್ ಬಿಡಬೇಕು,” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ತೊಡೆಯ ಮೇಲಿದ್ದ ಗಂಗಾ ಕೂಡ.

ಮೊದಲ ದಿನ ಯಾದಗಿರಿಯಲ್ಲಿ ಹೋಗಿ ನೋಡಿದರೆ ಔಷಧವಿಲ್ಲ, ಮಾತು ಬರಲೆಂದು ನಾಲಿಗೆಗೆ ತೇದು ಹಚ್ಚುವ ಬಜೆಯ ಬೇರೂ ಇಲ್ಲ. ನನ್ನ ತಂಗಿಯ ವಯಸ್ಸಿನ ಹುಡುಗಿ ಗೊಂಬೆ, ಚೆಂಡುಗಳ ನಡುವೆ ಕೂತಿದ್ದಾಳೆ, ಅವಳೇ ಮೇಡಂ. “ನೀವೂ ಕೆಳಗ ಬರ್ರಿ,” ಎಂದಳು. ಇಸ್ತ್ರಿ ಸೀರೆ ಮಡಚಿಕೊಂಡು ಕೂತೆ. ಗಂಗಾ ಚೆಂಡು ಹಿಡಿದಳು. “ಇದೇನವ್ವಾ? ಚೆಂಡು ಅನ್ನು. ಬಣ್ಣ ಯಾವ್ದು? ಕೆಂಪು ಅನ್ನು. ಮೇಡಂಗೆ ಕೊಡ್ತೀಯೇನು? ಕೊಡು,” ಎಂದೆ. ಗಂಗಾ ಚೆಂಡು ಬಿಟ್ಟು ಗೋಡೆಯ ಕಡೆ ತಿರುಗಿದಳು.

“ಅಕ್ಕಾರ, ಮಾತು ತಡ ಆಗಿದ್ದು ನಿಮ್ಮ ತಪ್ಪಲ್ರಿ,” ಎಂದಳು ಮೇಡಂ. “ಆದ್ರ ಮಾತಿನ ಎಲ್ಲಾ ಸೀಟಿನಾಗೂ ನೀವೇ ಕುಂತ್ರ ಅಕಿ ಎಲ್ಲಿ ಕುಂಡ್ರಬೇಕ್ರಿ?” ಮನೆಯಲ್ಲಿ ದಿನಾ ಅರ್ಧ ತಾಸು ಆಡಬೇಕು. ಆಟ ಅವಳದು, ನಾನು ಅವಳು ಎಳೆದತ್ತ ಹೋಗಬೇಕು. ಪ್ರಶ್ನೆ ಕೇಳಬಾರದು, ಕಲಿಸಬಾರದು. ಬೆರಳು ತೋರಿಸಿದರೆ ಓಡಬಾರದು, ಹತ್ತು ಎಣಿಸಿ ಕಾಯಬೇಕು.

ಪ್ರಶ್ನೆ ಕೇಳಬಾರದಂತೆ! ನಮ್ಮ ಕಡೆ ಎದುರಿಗೆ ಬಂದವರನ್ನು “ಊಟ ಆತೇನ್ರಿ” ಎಂದು ಕೇಳದೆ ಹೋದರೆ ಜಗಳವಾಗಿದೆ ಎಂದೇ ಅರ್ಥ. ಹೆತ್ತ ಮಗಳನ್ನು ಏನೂ ಕೇಳದೆ ಅರ್ಧ ತಾಸು ಕೂರುವುದೇ? ಅವಳ ಬೆರಳು ಏಳುವ ಮೊದಲೇ ಅವಳಿಗೇನು ಬೇಕೆಂದು ನನಗೆ ಗೊತ್ತಾಗುತ್ತದೆ. ಅದನ್ನು ನಾನು ತಾಯ್ತನ ಎಂದುಕೊಂಡಿದ್ದೆ. ಈ ಮೇಡಂ ಹುಡುಗಿ ಅದನ್ನೇ ಒತ್ತುವರಿ ಎನ್ನುವಂತೆ ಮಾತಾಡಿದಳಲ್ಲ! ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ನಮ್ಮ ಮನೆಯವರು ಪೇಪರು ಕೆಳಗಿಟ್ಟರು. “ಅರ್ಧ ತಾಸೇ ಯಾಕಂತ? ಇನ್ನೂ ಸ್ವಲ್ಪ ಹೆಚ್ಚು ಮಾಡಾಕ ಬರಂಗಿಲ್ಲೇನು?”

ಹತ್ತು ಎಣಿಸುವ ಬದಲು ಮನಸ್ಸಿನಲ್ಲೇ ಹತ್ತು ಸಲ ‘ಓಂ ನಮಃ ಶಿವಾಯ’ ಎಂದೆ. ಹಲ್ಲು ಕಚ್ಚಿಕೊಂಡು ಮಾಡಿದ ಜಪ ಶಿವನಿಗೆ ಸಂದಿತೋ ಇಲ್ಲವೋ. ಗಂಗಾ ಆರಿಸಿಕೊಂಡ ಆಟ ಒಂದೇ, ಬಸ್ಸು. ಮಣೆಗಳೆಲ್ಲ ಸೀಟುಗಳಾದವು. ಅತ್ತೆಯ ಕೈಗೆ ಹಿಟ್ಟಿನ ಡಬ್ಬಿಯ ಮುಚ್ಚಳ ಕೊಟ್ಟು ಡ್ರೈವರ್ ಮಾಡಿದಳು. “ನನಗ ಲೈಸೆನ್ಸ್ ಇಲ್ಲಬೇ,” ಎನ್ನುತ್ತಲೇ ಅವರು ಮುಚ್ಚಳ ತಿರುಗಿಸತೊಡಗಿದರು. ಗಂಗಾ ನನ್ನ ಹಳೆಯ ಪರ್ಸು ಕೊರಳಿಗೆ ಹಾಕಿಕೊಂಡು ಹರಿದ ಕಾಗದ ಹಂಚುವಳು. ಮೂರು ವಾರ ಬಸ್ಸು ಓಡಿತು, ಒಂದು ಮಾತಿಲ್ಲ.

ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. “ಈ ಬಸ್ ಶಹಾಪುರಕ್ಕ ಹೋಗ್ತದೇನ್ರಿ? ಅಲ್ಲಿ ಎಷ್ಟೊತ್ತು ನಿಲ್ತದ್ರಿ? ಡ್ರೈವರ್ ಯಾಕ ಗೊಣಗಾಕತ್ತಾರ್ರಿ?” ಎಂದು ಶುರುಮಾಡಿದೆ. ಗಂಗಾ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

“ಯಕ್ಕಾ, ಸುಮ್ಕ ಕುಂಡ್ರು!”

ಅತ್ತೆಯ ಕೈಯಿಂದ ಮುಚ್ಚಳ ಬಿತ್ತು. ನಾನು ಎದ್ದು ಅವಳನ್ನು ಅಪ್ಪಿಕೊಳ್ಳಲು ಹೋದೆ. ಅವಳು ಹುಬ್ಬು ಗಂಟಿಕ್ಕಿ ಮಣೆ ತೋರಿಸಿದಳು. ಕಣ್ಣೀರು ಸುರಿಸುತ್ತ ಕೂತೆ.

ಮರುದಿನ ಓಣಿಗೆಲ್ಲ ಸಕ್ಕರೆ ಹಂಚಿದೆ. “ಮೊದಲ ಏನಂದಳ್ರಿ, ಅವ್ವಾ ಅಂದಳೇನು?” ಎಂದು ಎಲ್ಲರೂ ಕೇಳುವವರೇ. “ಇಲ್ರಿ, ನನಗ ಬೈದಳು,” ಎಂದೆ. ಸುಳ್ಳು ಹೇಳಿ ಸಕ್ಕರೆ ಹಂಚಬಾರದು. ಎಷ್ಟು ಸೋಮವಾರ ಉಪವಾಸ ಮಾಡಿ ‘ಅವ್ವಾ’ ಎನ್ನುವುದೊಂದಕ್ಕೆ ಕಾದಿದ್ದೆ. ದೇವರು ಕಂಡಕ್ಟರನ ಕೈಲಿ ‘ಯಕ್ಕಾ’ ಕಳಿಸಿದ. ಆದರೆ ಅವನನ್ನು ದೂರುವಂತಿಲ್ಲ. “ಮಗಳಿಗೆ ಮಾತು ಕೊಡಪ್ಪಾ” ಎಂದಿದ್ದೆನೇ ಹೊರತು ಯಾವ ಮಾತು ಎಂದು ಹೇಳಿರಲಿಲ್ಲ. ಬೇಡದ ಕಡೆಯೆಲ್ಲ ಅಷ್ಟು ಮಾತಾಡುವವಳು, ಬೇಕಾದ ಕಡೆ ಚುಟುಕಾಗಿ ಮುಗಿಸಿದ್ದೆ.

‘ಅವ್ವಾ’ ಇನ್ನೂ ಬಂದಿಲ್ಲ. ದಿನಾ ಸಂಜೆ ಮಣೆಯ ಮೇಲೆ ಯಕ್ಕನಾಗಿ ಶಹಾಪುರಕ್ಕೆ ಹೋಗಿ ಬರುತ್ತೇನೆ. ಆಟದ ಮೇಡಂ ಮೇಲಿನ ಸಿಟ್ಟಂತೂ ಇಳಿದಿಲ್ಲ. ಈ ಗುರುವಾರ ಅವಳನ್ನು ನಾಲ್ಕು ಮಾತು ಕೇಳಿಯೇಬಿಡಬೇಕೆಂದಿದ್ದೇನೆ, ನನ್ನ ಕಂಡಕ್ಟರು ಬಾಯಿ ಬಿಡಗೊಟ್ಟರೆ.