ಅಟ್ಟದ ಮೇಲಿನ ಬಾಹ್ಯಾಕಾಶ ನಿಲ್ದಾಣ

ಹೆದರಿಕೆಯನ್ನು ನಾನು ಯಾವತ್ತೂ ಕರೆದವನಲ್ಲ. ಅದೇ ನನ್ನ ಮನೆ ಯಾವುದೆಂದು ವಿಚಾರಿಸಿಕೊಂಡು ಬರುತ್ತದೆ, ನನ್ನ ಧೈರ್ಯ ನೋಡಿ ನಾಚಿಕೊಂಡು ವಾಪಸ್ ಹೋಗುತ್ತದೆ. ಈ ಬೇಸಿಗೆ ರಜೆಯಲ್ಲಿ ಚನ್ನರಾಯಪಟ್ಟಣದ ಹತ್ತಿರ ಅಕ್ಕನ ಮನೆಗೆ ಹೋದಾಗಲೂ ಹಾಗೇ ಆಯಿತು.

೧. ಕೀ ಮಾಯ

ಊಟವಾದ ಮೇಲೆ ಅಕ್ಕನ ಮಕ್ಕಳಿಗೆ ನಾನು ಬಾಹ್ಯಾಕಾಶಕ್ಕೆ ಹೋಗಬೇಕಿದ್ದ ಕಥೆ ಹೇಳಿದೆ. ಎಲ್ಲ ಪರೀಕ್ಷೆಯಲ್ಲೂ ಪಾಸಾಗಿದ್ದೆ, ನನ್ನ ಎದೆಯಗಲಕ್ಕೆ ಅಂಗಿ ಸಿಗದೆ ಬೇರೆಯವರನ್ನು ಕಳಿಸಿದರು ಅಂದೆ.

"ಹಂಗಾದ್ರೆ ನಿಂಗೆ ಭಯವೇ ಇಲ್ವಾ ಮಾವ?" ಅಂದಳು ಏಳನೇ ಕ್ಲಾಸಿನ ಹಿರಿಮಗಳು.

"ಭಯಾನೇ ನನ್ನ ಕಂಡ್ರೆ ದಾರಿ ಬಿಡ್ತದೆ ಕಣಮ್ಮಿ."

ಕೈ ತೊಳೆದು ಬರುವಷ್ಟರಲ್ಲಿ ಬೈಕಿನ ಕೀ ಇಲ್ಲ. ಮಕ್ಕಳು ಬಚ್ಚಿಟ್ಟಿದ್ದರು. ಮನೆಯೀಗ ಬಾಹ್ಯಾಕಾಶ ನಿಲ್ದಾಣವಂತೆ. ಒಗಟು ಬಿಡಿಸುತ್ತ ಹೋದರೆ ಕೊನೆಗೆ ಸಿಗುವ ನಿಧಿಯೇ ನನ್ನ ಕೀ.

"ಕೊಡೇ! ಅರಕಲಗೂಡಲ್ಲಿ ನಿಮ್ಮತ್ತೆ ತವರುಮನೇಲಿ ಕಾಯ್ತಾವ್ಳೆ. ಹೊತ್ತು ಮುಳುಗೋದ್ರೊಳಗೆ ಹೋಗಿ ಕರ್ಕೊಂಡು ಬರದಿದ್ರೆ ಇನ್ನು ಆ ಕಡೆ ಬರಲೇಬೇಡಿ ಅಂದವ್ಳೆ."

"ಹಂಗಾದ್ರೆ ಬೇಗ ಹುಡ್ಕು ಮಾವ. ಕಿರುಚಿದ್ರೆ ಮೊದಲಿಂದ ಸುರು."

ಬಾಹ್ಯಾಕಾಶಕ್ಕೆ ಹೊರಟಿದ್ದ ಮನುಷ್ಯ ಏಳನೇ ಕ್ಲಾಸಿನವಳ ಕಾಲು ಹಿಡಿದೆ. ಬಿಡಿಸಿಕೊಂಡು ಓಡಿದಳು.

೨. ಇಂಜಿನ್ ಕೋಣೆ

ಮೊದಲ ಒಗಟು: "ಹೊಟ್ಟೆಯಲ್ಲಿ ಬೆಂಕಿ, ತಲೆಯಲ್ಲಿ ನೀರು." ಬಚ್ಚಲುಮನೆಯ ಹಂಡೆ ಒಲೆ! ಬುದ್ಧಿವಂತನಿಗೆ ಎಷ್ಟು ಹೊತ್ತು ಬೇಕು? ಬಗ್ಗಿ ಒಲೆಯ ಬೂದಿಯೊಳಗೆ ಕೈ ಹಾಕಿದೆ. ಬೆಚ್ಚಗೆ, ಮೆತ್ತಗೆ ಏನೋ ಸಿಕ್ಕಿತು. ಅದು ಉಸಿರಾಡಿತು.

ನಾನು ಕಿರುಚಿದ್ದಕ್ಕೆ ಹಂಡೆಯ ನೀರು ತುಳುಕಿತು. ಒಲೆಯಿಂದ ಬೆಕ್ಕು ಹಾರಿ, ಅದೂ ಕಿರುಚಿ, ಸೂರು ಹತ್ತಿತು.

"ಮೊದಲಿಂದ!" ಅಂದರು ಮಕ್ಕಳು.

"ಬೆಕ್ಕೂ ಕಿರುಚ್ತಲ್ಲ, ಅದಕ್ಕೆ?"

"ಅದು ಧೈರ್ಯವಂತ ಅಂತ ಎಲ್ಲೂ ಹೇಳ್ಕೊಂಡಿಲ್ಲ ಮಾವ."

೩. ನಿಲ್ದಾಣದ ಹೊರಗೆ

ಮತ್ತೆ ಕೈ ಹಾಕಿ ಬೂದಿಯಿಂದ ಎರಡನೇ ಚೀಟಿ ತೆಗೆದೆ. ಅದು ಕೊಟ್ಟಿಗೆಗೆ ಕಳಿಸಿತು. ನಿಲ್ದಾಣದಿಂದ ಹೊರಗೆ ಕಾಲಿಡಬೇಕಾದರೆ ಹೆಲ್ಮೆಟ್ ಬೇಕಂತೆ. ತಳ ಕತ್ತರಿಸಿದ ನೀರಿನ ಕ್ಯಾನನ್ನು ತಲೆಗೆ ತುರುಕಿದರು. ನನ್ನ ಉಸಿರಿಗೇ ಅದು ಮಬ್ಬಾಯಿತು. ಏನೂ ಕಾಣದು. ಮೇವಿನ ಗೋದಲಿ ತಡಕುತ್ತಿದ್ದಾಗ ಕಣ್ಣಿಗೆ ಎದುರಾಗಿ ತಟ್ಟೆಯಷ್ಟು ದೊಡ್ಡ ಕರೀ ಕಣ್ಣೊಂದು ಬಂದು ನಿಂತಿತು.

ಕಿರುಚಿದೆ. ಕಿರುಚಿದ್ದೆಲ್ಲ ಕ್ಯಾನಿನೊಳಗೇ ಸುತ್ತಿ ನನ್ನ ಕಿವಿಗೇ ಬಂತು. ಎಮ್ಮೆ ಮಾತ್ರ ನಿಧಾನವಾಗಿ ಕ್ಯಾನು ನೆಕ್ಕಿತು.

"ಮಾವ ಏನೋ ಹಾಡ್ತಾವ್ನೆ ಕಣೇ," ಅಂದ ಚಿಕ್ಕವನು. ಬದುಕಿದೆ.

೪. ಅಟ್ಟ

ಗೋದಲಿಯಲ್ಲಿದ್ದ ಕೊನೆಯ ಒಗಟು: "ವರ್ಷದಿಂದ ಮೇಲಿದ್ದಾರೆ, ಕೆಳಗೆ ಇಳಿದಿಲ್ಲ. ಅಲುಗಿಸಿದರೆ ಒಳಗಿಂದ ಬಡಿಯುತ್ತಾರೆ." ಕ್ಯಾನು ಮೇಲೆತ್ತಿ ಎರಡು ಸಲ ಓದಿದೆ. ನಮ್ಮ ಕಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಒಣಗಿದ ಕೊಬ್ಬರಿ ಚಿಪ್ಪಿನೊಳಗೇ ಉರುಳಾಡುತ್ತದೆ. ಗೊತ್ತಿರುವ ವಿಷಯವೇ. ಆದರೆ ಆ ಗೊತ್ತಿರುವುದೆಲ್ಲ ಕೆಳಗೆ ನಿಂತಾಗ ಮಾತ್ರ. ಹೊತ್ತು ಇಳಿಯುತ್ತಿತ್ತು, ಅರಕಲಗೂಡು ನೆನಪಾಯಿತು. ಕಿರುಚಿದರೆ ಮತ್ತೆ ಬೂದಿ, ಮತ್ತೆ ಎಮ್ಮೆ! ಹೆಗಲ ಮೇಲಿನ ಟವೆಲನ್ನು ಕ್ಯಾನಿನಡಿಯಿಂದ ಬಾಯಿಗೆ ತುರುಕಿಕೊಂಡು, ಕ್ಯಾನು ತೆಗೆಯುವುದನ್ನೂ ಮರೆತು ಏಣಿ ಹತ್ತಿದೆ.

ಅಟ್ಟದಲ್ಲಿ ಕಿಟಕಿಯಿಲ್ಲ. ಹಲಗೆ ಮೇಲೆ ಕಾಲಿಟ್ಟೆ. ಲೊಡಕ್. ಇನ್ನೊಂದು ಹೆಜ್ಜೆ. ಸುತ್ತಲೂ ಲೊಡಕ್ ಲೊಡಕ್, ಸಾವಿರ ಜನ ಒಳಗಿಂದ ಬಾಗಿಲು ಬಡಿದ ಹಾಗೆ. ಟವೆಲಿನೊಳಗೆ ಕಿರುಚಿದೆ. ಹೊರಗೆ ಬಂದದ್ದು ಬರೀ "ಮ್ಮ್ಮ್."

ಮೂಲೆಯ ಕತ್ತಲಿನಿಂದ ಯಾರೋ, "ಅಯ್ಯಯ್ಯೋ, ಬಾಯೇ ಇಲ್ಲ ಕಣ್ರೋ! ತಲೆ ಹೊಳೀತಾ ಅದೆ! ಬಂದ್ಬುಡ್ತು!" ಎಂದು ಅರಚಿ ನನ್ನನ್ನು ದಾಟಿಕೊಂಡು ಏಣಿಯಿಂದ ಜಾರಿ ಬಿದ್ದರು. ನಮ್ಮ ಭಾವ! ನನ್ನನ್ನು ಹೆದರಿಸಲು ಮಗಳೇ ಅವರಿಗೆ ಕೀ ಕೊಟ್ಟು ಅಲ್ಲಿ ಕೂರಿಸಿದ್ದಳು. ಆ ಕಾಯಿಗಳೆಲ್ಲ ಅವರವೇ. ದಿನಾ ಅಲುಗಿಸಿ ನೋಡುವವರು.

ಕೀ ಹಲಗೆ ಮೇಲೆ ಬಿದ್ದಿತ್ತು. ಎತ್ತಿಕೊಂಡು ಇಳಿದೆ.

"ಮಾವ ಕಿರುಚ್ಲೇ ಇಲ್ಲ! ಅಪ್ಪ ಕಿರುಚ್ತು! ಅಪ್ಪ, ಮೊದಲಿಂದ!" ಮಕ್ಕಳು ಭಾವನನ್ನು ಹಂಡೆ ಒಲೆಯ ಕಡೆ ಎಳೆದರು.

ನಾನು ಕ್ಯಾನು ಕಳಚಿ, ಗಂಭೀರವಾಗಿ ತಲೆಯಾಡಿಸಿ ಬೈಕು ಹತ್ತಿದೆ. ಟವೆಲು ಬಾಯಲ್ಲೇ ಇತ್ತು. ತೆಗೆಯಲು ಧೈರ್ಯ ಬಂದದ್ದು ಹೊಳೆನರಸೀಪುರ ದಾಟಿದ ಮೇಲೆ. ತೆಗೆದದ್ದೇ ತಡ, ಅಟ್ಟದ ಮೇಲೆ ತಡೆದಿಟ್ಟಿದ್ದ ಕಿರುಚಾಟವೆಲ್ಲ ಒಟ್ಟಿಗೇ ಹೊರಗೆ ಬಂತು. ಹೊಲದಲ್ಲಿದ್ದ ದನಗಳು ಗೂಟ ಕಿತ್ತುಕೊಂಡು ಓಡಿದವು.

ಅರಕಲಗೂಡು ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ನನ್ನವಳು ಬ್ಯಾಗು ಹಿಡಿದು ಬೀದಿಯಲ್ಲೇ ನಿಂತಿದ್ದಳು.

"ನಾನು ಬರೋದು ನಿಂಗೆ ಹೆಂಗೆ ಗೊತ್ತಾಯ್ತೇ?" ಅಂದೆ.

"ಆಗ್ಲೇ ಕೂಗು ಕೇಳಿಸ್ತಲ್ಲ," ಅಂದಳು, "ಹೊಳೆನರಸೀಪುರ ದಾಟಿದ್ರು ಅಂದ್ಕೊಂಡು ಸೀರೆ ಉಟ್ಕೊಂಡೆ."