ನಡೆಯುವ ಗೂಟಗಳು

ಗೂಟಗಳು ತಾವಾಗಿಯೇ ನಡೆಯುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಸರ್ವೇಯರನ ಕೆಲಸ ನಿಂತಿತ್ತು. ಹೋದ ವಾರ ಅವನು ಗುಡ್ಡದ ಇಳಿಜಾರಿನಲ್ಲಿ, ದೊಡ್ಡ ಬಂಡೆಯ ಕೆಳಗೆ, ಸಾಲಾಗಿ ಗೂಟ ಹೊಡೆದು ಹೋಗಿದ್ದ. ಗೂಟ ಸರಿದರೆ ಗುಡ್ಡ ಸರಿಯುತ್ತಿದೆ ಎಂದರ್ಥ. ಕೆಳಗಿನ ಮನೆಗಳಿಗೆ ಅಪಾಯ. ಇವತ್ತು ಬಂದು ನೋಡಿದರೆ ಇಡೀ ಸಾಲೇ ಇಳಿದು ರಸ್ತೆ ಬದಿಗೆ ಬಂದು ನಿಂತಿತ್ತು.

ನಡುವಿನ ಮನೆಗಳನ್ನು ಗೂಟಗಳು ದಾಟಿದ್ದು ಹೇಗೆ ಎಂದು ಯೋಚಿಸುವಷ್ಟು ತಾಳ್ಮೆ ಅವನಿಗಿರಲಿಲ್ಲ. ಗಾಳಿಯಿಲ್ಲ, ಒಂದು ಹಕ್ಕಿಯ ಸದ್ದೂ ಇಲ್ಲ. ಮೇಲಿನ ಮನೆಯ ಅಜ್ಜಿಯ ಆಡುಗಳು ಮುಂದಿದ್ದ ಸೊಪ್ಪು ಮುಟ್ಟದೆ, ಬೇಡದ ನೆಂಟರ ದಾರಿ ಕಾಯುವವರಂತೆ ಗುಡ್ಡವನ್ನೇ ನೋಡುತ್ತಿದ್ದವು.

ಅವನು ಮೇಲಧಿಕಾರಿಗೆ ಫೋನ್ ಮಾಡಿ, ಎಲ್ಲರನ್ನೂ ಆಚೆ ದಿಬ್ಬದ ಶಾಲೆಗೆ ಹೊರಡಿಸಿದ. ಹಾಸಿಗೆ ಸುತ್ತಿಕೊಂಡು, ಕೋಳಿ ಅವುಚಿಕೊಂಡು ಜನ ಹೊರಟಾಗ ಅಜ್ಜಿ ಕೇಳಿದಳು: "ಆ ಗೂಟಕ್ಕೆ ಇಷ್ಟೆಲ್ಲ ರಂಪಾನಾ? ನನ್ನ ಆಡು ಓಡಾಡೋ ದಾರೀಲಿ ಹೊಡೆದಿದ್ರಿ. ಕಿತ್ತು ಕೆಳಗೆ ನೆಟ್ಟೆ."

"ಕೆಳಗೆ ಅಂದ್ರೆ ನನ್ನ ಹಿತ್ತಲಲ್ಲಿ!" ಕೆಳಗಿನ ಮನೆಯ ದರ್ಜಿ ಕೆರಳಿದ. "ನಾಳೆ ಸರ್ಕಾರ ಇದೇ ಗಡಿ ಅಂದ್ರೆ? ನಾನೂ ಕಿತ್ತು ರಸ್ತೆಗೆ ನೆಟ್ಟೆ."

"ಸಾಲು ಮಾತ್ರ ಸೊಟ್ಟ ಆಗಿಲ್ಲ ಸಾರ್," ದರ್ಜಿಯ ಹೆಂಡತಿ ಸಮಾಧಾನ ಹೇಳಿದಳು. "ಹಗ್ಗ ಹಿಡಿದೇ ನೆಟ್ಟಿದ್ದು."

ಜನ ಬಿದ್ದು ಬಿದ್ದು ನಕ್ಕು ಮನೆ ಸೇರಿದರು. ಫೋನಿನ ಆಚೆ ಮೇಲಧಿಕಾರಿ ಮಾತ್ರ ನಗಲಿಲ್ಲ. "ಗುಡ್ಡ ನಡೀತಿದೆ ಅಂತ ಇನ್ನೊಂದ್ಸಲ ಊರು ಎಬ್ಬಿಸಿದ್ರೆ ನಿಮ್ಮ ಕೆಲಸ ಹೋಯ್ತು ಅಂತ್ಲೇ ತಿಳ್ಕೊಳ್ಳಿ."

ಸರ್ವೇಯರ್ ಮುಖ ಸಣ್ಣಗೆ ಮಾಡಿಕೊಂಡು ಗೂಟಗಳನ್ನು ಹೊತ್ತು ಮತ್ತೆ ಬಂಡೆಯ ಕೆಳಗೆ ಹೋದ. ಅಜ್ಜಿ ಬೇಲಿಯಾಚೆಯಿಂದಲೇ ಗೊಣಗಿದಳು: "ಗೂಟ ಕಿತ್ತೂ ಏನು ಬಂತು? ಮೊದ್ಲು ಬಂಡೆಗೂ ನನ್ನ ಬೇಲಿಗೂ ನಡುವೆ ಆಡುಗಳು ಜೊತೆಜೊತೆಗೆ ಹೋಗ್ತಿದ್ವು. ಈಗ ಒಂದು ಹೋದ್ರೂ ಹೊಟ್ಟೆ ಸಿಕ್ಕಿಕೊಳ್ಳುತ್ತೆ. ಬಂಡೆಗೇನು ಮಾಡಿದ್ರಿ?"

ಅವನು ತಲೆಯೆತ್ತಿದ. ಬಂಡೆಯ ಹಿಂದೆ, ಅದು ಮೊದಲಿದ್ದ ಜಾಗದಲ್ಲಿ, ಹಸಿಮಣ್ಣು ಬಾಯಿ ಬಿಟ್ಟಿತ್ತು. ನೋಡುತ್ತಿದ್ದಂತೆಯೇ ಬೇಲಿಯ ಒಂದು ಕಡ್ಡಿ ಪಟ್ಟೆಂದು ಮುರಿಯಿತು.

"ಓಡಿ! ಗುಡ್ಡ ಬರ್ತಿದೆ!"

"ಮತ್ತೆ ಶುರುವಾಯ್ತಾ ಸಾರ್?" ದರ್ಜಿ ಒಳಗಿನಿಂದ ಕೇಳಿದ. ಅವನ ಹೊಲಿಗೆ ಯಂತ್ರ ಕಟಕಟ ಎನ್ನುತ್ತಲೇ ಇತ್ತು.

ಸರ್ವೇಯರನಿಗೆ ಅಳುವೇ ಬಂತು. ಕೆಲಸ ಹೋದರೆ ಹಾಳಾಗಲಿ, ಇಷ್ಟು ಜನರನ್ನು ಇಲ್ಲಿ ಬಿಟ್ಟು ಹೋಗುವುದು ಹೇಗೆ? ಸಟ್ಟನೆ ಅಜ್ಜಿಯ ಅಂಗಳಕ್ಕೆ ನುಗ್ಗಿ, ಆಡುಗಳ ಹಗ್ಗ ಬಿಚ್ಚಿ, ಶಾಲೆಯ ಕಡೆ ಓಟ ಕಿತ್ತ. ಆಡುಗಳು ಅವನಿಗಿಂತ ಮುಂದಿದ್ದವು.

"ಅಯ್ಯಯ್ಯೋ, ಕಳ್ಳ! ನನ್ನ ಆಡು!"

ಗುಡ್ಡಕ್ಕೆ ಅಲುಗದ ಊರು ಆಡಿಗೆ ಅಲುಗಿತು. ದೊಣ್ಣೆ, ಪೊರಕೆ, ದರ್ಜಿಯ ಅಳತೆಕೋಲು, ಕೈಗೆ ಸಿಕ್ಕಿದ್ದನ್ನು ಹಿಡಿದು ಒಬ್ಬರೂ ಉಳಿಯದೆ ಬೆನ್ನಟ್ಟಿದರು. ಶಾಲೆಯ ಅಂಗಳದಲ್ಲಿ ಅವನನ್ನು ಕೆಡವಿಕೊಂಡು ಚೆನ್ನಾಗಿಯೇ ತದುಕಿದರು.

ಹೊಡೆತ ನಿಂತದ್ದು ಆಡುಗಳಿಂದ. ಅವು ಮತ್ತೆ ಅದೇ ದಿಕ್ಕಿಗೆ ನೋಡುತ್ತಿದ್ದವು. ಜನರೂ ತಿರುಗಿದರು. ಹೊಡೆತದ ಗಲಾಟೆಯಲ್ಲಿ ಒಬ್ಬರಿಗೂ ಸದ್ದು ಕೇಳಿರಲಿಲ್ಲ. ಬಂಡೆ ಅಜ್ಜಿಯ ಅಡುಗೆಮನೆಯ ನಟ್ಟನಡುವೆ, ಮೊದಲಿನಿಂದಲೂ ಅಲ್ಲೇ ಇದ್ದಂತೆ ನಿಂತಿತ್ತು. ಕೆಮ್ಮಣ್ಣು ದರ್ಜಿಯ ಕಿಟಕಿಯಿಂದ ಮೆಲ್ಲಗೆ ಒಳಗೆ ಇಳಿಯುತ್ತಿತ್ತು.

ಸರ್ವೇಯರ್ ಎದ್ದು ಧೂಳು ಕೊಡವಿಕೊಂಡು, ಇನ್ನಾದರೂ ಒಂದು ಒಳ್ಳೆಯ ಮಾತು ಬರಬಹುದೆಂದು ಕಾದ.

ಅಜ್ಜಿ ನಿಧಾನವಾಗಿ ಅವನ ಕಡೆ ತಿರುಗಿದಳು.

"ಗೂಟ ಕಿತ್ತಿದ್ದು ನಾನೇ, ಒಪ್ಕೋತೀನಿ. ಬಂಡೆ ಕಿತ್ತು ಅಲ್ಲಿ ಇಟ್ಟೋರು ಯಾರು?"

ದರ್ಜಿ ಮತ್ತೆ ಅಳತೆಕೋಲು ಎತ್ತಿಕೊಂಡ.